ಇಟಲಿಗೆ ಹೊರಡದವನ ಬೀಳ್ಕೊಡುಗೆ

ನನ್ನ ಕೆಲಸಕ್ಕೆ ಇಡೀ ದಿನಕ್ಕೆ ನಾಲ್ಕು ಮಾತು ಸಾಕು: ‘ಮುಂದೆ’, ‘ಇನ್ನೂ ಮುಂದೆ’, ‘ಸಾಕು’, ‘ಇಳಿ’. ನಾನು ವೇಬ್ರಿಡ್ಜಿನ ಗುಮಾಸ್ತ. ನೆಲಕ್ಕೆ ಸಮವಾಗಿ ಹಾಸಿದ ದೊಡ್ಡದೊಂದು ಕಬ್ಬಿಣದ ಹಲಗೆ, ಅದರ ಪಕ್ಕ ಗಾಜಿನ ಕಿಟಕಿಯ ಸಣ್ಣ ಗೂಡು, ಗೂಡಿನೊಳಗೆ ನಾನು. ಲಾರಿ ಬಂದು ಹಲಗೆಯ ಮೇಲೆ ನಿಲ್ಲುತ್ತದೆ. ಡ್ರೈವರನ ತೂಕ ಸರಕಿಗೆ ಸೇರಬಾರದೆಂದು ಅವನನ್ನು ಇಳಿಸುತ್ತೇನೆ. ಗುಂಡಿ ಒತ್ತುತ್ತೇನೆ, ಚೀಟಿ ಹೊರಬರುತ್ತದೆ, ಲಾರಿ ಹೋಗುತ್ತದೆ. ಇಪ್ಪತ್ತಾರು ವರ್ಷಗಳಲ್ಲಿ ಎಷ್ಟು ಲಾರಿ ತೂಗಿದ್ದೇನೋ ಲೆಕ್ಕವಿಲ್ಲ, ‘ಹೇಗಿದೀರಿ?’ ಎಂದು ಕೇಳಿದ ಡ್ರೈವರ್ ಒಬ್ಬನೂ ನೆನಪಿಲ್ಲ. ಅವರದೇನೂ ತಪ್ಪಿಲ್ಲ ಬಿಡಿ. ಹಿಂದೆ ಇನ್ನೊಂದು ಲಾರಿ ಹಾರನ್ ಹೊಡೆಯುತ್ತಿರುತ್ತದೆ.

ಮನೆಯಲ್ಲಿ ಆ ನಾಲ್ಕು ಮಾತೂ ಬೇಕಾಗುವುದಿಲ್ಲ. ಮಹಡಿಯ ಮೇಲೆ ಒಂದು ರೂಮು, ಒಂದು ಮಂಚ, ಶರ್ಟು ನೇತುಹಾಕಲು ಒಂದು ಮೊಳೆ. ಗೋಡೆಯ ಆಚೆ ಒಬ್ಬ ಟೈಲರ್, ಅವನ ಹೆಂಡತಿ, ಅವನ ತಾಯಿ. ಆ ಮುದುಕಿ ಬೆಳಗಿನಿಂದ ಸಂಜೆಯವರೆಗೆ ಶರ್ಟುಗಳಿಗೆ ಕಾಜಾ ಹಾಕುತ್ತಾ ಕೂತಿರುವುದರಿಂದ ಬೀದಿಯವರೆಲ್ಲ ಆಕೆಯನ್ನು ಕಾಜಾ ಅಜ್ಜಿ ಅನ್ನುತ್ತಾರೆ. ಹನ್ನೊಂದು ವರ್ಷದ ನೆರೆಹೊರೆ. ಮೆಟ್ಟಿಲಲ್ಲಿ ಎದುರಾದರೆ ನಾನು ಗೋಡೆಗೆ ಸರಿದು ದಾರಿ ಬಿಡುತ್ತೇನೆ, ಅವರೂ ಗೋಡೆಗೆ ಸರಿದು ದಾರಿ ಬಿಡುತ್ತಾರೆ, ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತೇವೆ. ಅಷ್ಟೇ ಬಳಕೆ. ಇನ್ನು ಪರವೂರಿನಲ್ಲಿರುವ ಅಕ್ಕ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ‘ಊಟ ಆಯ್ತಾ?’ ‘ಆಯ್ತು.’ ‘ಹುಷಾರಾಗಿದೀಯಾ?’ ‘ಹ್ಞೂಂ.’ ‘ನಿಮ್ಮ ಭಾವ ಕರೀತಿದಾರೆ, ಇಡ್ಲಾ?’ ‘ಇಡು.’ ಎರಡು ನಿಮಿಷ ತುಂಬಿದ ದಿನ ಆವತ್ತು ಬಹಳ ಮಾತಾಡಿದೆವು ಅನ್ನಿಸುತ್ತದೆ.

ಇಂಥವನು ಇಟಾಲಿಯನ್ ಕಲಿಯಲು ಹೊರಟದ್ದು ಹೆಬ್ಬೆರಳಿನ ದೆಸೆಯಿಂದ. ಒಂದು ಸಂಜೆ ಫೋನಿನಲ್ಲಿ ಜಾಹೀರಾತೊಂದು ಎದ್ದು ನಿಂತಿತು. ಮುಚ್ಚೋಣವೆಂದು ಮೂಲೆಯ ಗುರುತು ಒತ್ತಿದೆ. ಗುರುತು ಸಣ್ಣದು, ನನ್ನ ಹೆಬ್ಬೆರಳು ದೊಡ್ಡದು. ಅದು ಪಕ್ಕದಲ್ಲಿದ್ದ ಒಂದು ಬಾವುಟದ ಮೇಲೆ ಬಿತ್ತು. ತಕ್ಷಣ ಫೋನಿನೊಳಗಿಂದ ಒಬ್ಬ ಹೆಂಗಸು, ‘ಬುವೊನ ಸೇರಾ! ಕೋಮೆ ಸ್ತಾ?’ ಎಂದಳು. ಹಿಂದೆಯೇ ಕನ್ನಡದಲ್ಲಿ, ‘ಶುಭ ಸಂಜೆ. ಹೇಗಿದ್ದೀರಿ?’ ಎಂದಳು. ಆಮೇಲೆ ಸುಮ್ಮನಾದಳು. ನಾನು ಹಿಂದೆ ತಿರುಗಿ ನೋಡಿದೆ. ರೂಮಿನಲ್ಲಿ ಇನ್ಯಾರೂ ಇರಲಿಲ್ಲ. ‘ನಿಮ್ಮ ಉತ್ತರ ಕೇಳಿಸಲಿಲ್ಲ. ಇನ್ನೊಮ್ಮೆ ಪ್ರಯತ್ನಿಸೋಣವೇ?’ ಎಂದಳು ಆಕೆ, ಒಂದಿಷ್ಟೂ ಬೇಸರವಿಲ್ಲದೆ.

ಇಷ್ಟು ಮರ್ಯಾದೆಯಿಂದ ಕೇಳಿದವರಿಗೆ ಉತ್ತರ ಕೊಡದಿರುವುದು ಹೇಗೆ? ಎದ್ದು ನಿಂತು, ಆಕೆ ಹೇಳಿಕೊಟ್ಟಂತೆ, ‘ಸ್ತೋ ಬೆನೆ, ಗ್ರಾತ್ಸಿಯೆ,’ ಎಂದೆ. ಅಂದರೆ ಚೆನ್ನಾಗಿದ್ದೇನೆ, ವಂದನೆಗಳು. ‘ಬ್ರಾವೋ!’ ಎಂದಳು. ಐವತ್ತೆರಡು ವರ್ಷದ ಬದುಕಿನಲ್ಲಿ, ನಾನು ಚೆನ್ನಾಗಿದ್ದೇನೆ ಎಂದದ್ದಕ್ಕೆ ಶಹಭಾಸ್ ಎಂದವಳು ಆಕೆಯೊಬ್ಬಳೇ. ಮಾರನೆಯ ದಿನದಿಂದ ಸಂಜೆ ಏಳಕ್ಕೆ ಸರಿಯಾಗಿ ಮುಖ ತೊಳೆದು, ತಲೆ ಬಾಚಿ ಪಾಠಕ್ಕೆ ಕೂರತೊಡಗಿದೆ. ಮೆಲ್ಲಗೆ ಹೇಳಿದರೆ ಆಕೆಗೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಕೂಗಿಯೇ ಹೇಳುತ್ತಿದ್ದೆ.

ನಾಲ್ಕು ತಿಂಗಳು ಹೀಗೆ ಕಳೆದು ಹದಿನೆಂಟನೆಯ ಪಾಠಕ್ಕೆ ಬಂದಿದ್ದೆ. ಅದು ರೈಲ್ವೆ ಸ್ಟೇಷನ್ನಿನ ಪಾಠ. ‘ರೋಮಿಗೆ ಒಂದು ಟಿಕೆಟ್ ಕೊಡಿ’ ಎಂದು ಇಟಾಲಿಯನ್ನಿನಲ್ಲಿ ಆರನೇ ಬಾರಿ ಅರಚುತ್ತಿರುವಾಗ ಯಾರೋ ಬಾಗಿಲು ತಟ್ಟಿದರು. ಟೈಲರ್, ಕೊರಳಲ್ಲಿ ಟೇಪು.

‘ಏನ್ ಸಾರ್, ಏನಾದ್ರೂ ತೊಂದರೇನಾ?’

‘ಇಲ್ಲ ಇಲ್ಲ. ಇಟಾಲಿಯನ್. ಇಟಲಿ ಭಾಷೆ. ಕಲೀತಾ ಇದೀನಿ.’

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ‘ಇಟಲಿಗಾ! ಯಾವಾಗ ಸಾರ್ ಹೊರಡೋದು?’

ಟೈಲರನ ಬುದ್ಧಿ ಟೈಲರನದು. ಬಟ್ಟೆ ಕತ್ತರಿಸಿದ ಮೇಲೆ ಯಾರೋ ತೊಡಲೇಬೇಕು. ಭಾಷೆ ಕಲಿತ ಮೇಲೆ ಯಾರೋ ಹೊರಡಲೇಬೇಕು. ಸುಮ್ಮನೆ ಕಲಿಯುತ್ತಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಸುಮ್ಮನೆ ಯಾಕೆ ಎಂದು ಕೇಳಿದರೆ? ಆ ಫೋನಿನ ಹೆಂಗಸು ದಿನಾ ಹೇಗಿದೀರಿ ಅಂತ ಕೇಳ್ತಾಳೆ, ಅದಕ್ಕೆ, ಎಂದು ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ ಹೇಗೆ ಹೇಳುವುದು? ‘ನೋಡೋಣ’ ಎಂದುಬಿಟ್ಟೆ.

‘ನೋಡೋಣ ಏನ್ ಸಾರ್ ನೋಡೋಣ! ಟಿಕೆಟ್ಟಿನ ತನಕ ಬಂದಿದೀರಿ! ಬನ್ನಿ ಒಳಗೆ, ಟೀ ಕುಡಿಯೋಣ.’

ಹನ್ನೊಂದು ವರ್ಷದಲ್ಲಿ ಮೊದಲ ಟೀ. ಲೋಟ ಖಾಲಿಯಾಗಲಿ, ನಿಜ ಹೇಳಿಬಿಡೋಣ ಎಂದುಕೊಂಡೆ. ಎರಡನೆಯ ಲೋಟ ಬಂತು. ಟೈಲರನ ಹೆಂಡತಿ ಒಳಗಿನಿಂದ ಬಿಸ್ಕತ್ತು ತಂದಳು. ನನ್ನ ಗೋಡೆಗೆ ಒರಗಿ ಕಾಜಾ ಅಜ್ಜಿ ಕೂತಿದ್ದರು, ತೊಡೆಯ ಮೇಲೆ ಒಂದು ಬಿಳಿ ಶರ್ಟು. ಟೈಲರ್ ಆಕೆಯ ಕಿವಿಗೆ ಬಾಯಿಟ್ಟು, ‘ಅಮ್ಮಾ! ಪಕ್ಕದ ಸಾರು! ಇಟಲಿಗೆ! ಹೋಗ್ತಿದಾರೆ!’ ಎಂದು ಕೂಗಿ, ಎರಡು ಕೈ ಅಗಲಿಸಿ ವಿಮಾನ ಹಾರಿಸಿ ತೋರಿಸಿದ. ಅಜ್ಜಿ ಸೂಜಿಯಿಂದ ಬೆರಳು ಚುಚ್ಚಿಕೊಂಡು, ಬೆರಳನ್ನು ಬಾಯಲ್ಲಿಟ್ಟುಕೊಂಡು ನನ್ನನ್ನು ನೋಡಿದರು.

‘ಪೂರ್ತಿ ಕಿವುಡು ಸಾರ್. ಎಷ್ಟೋ ವರ್ಷ ಆಯ್ತು, ನಾವು ಮಾತಾಡ್ಸೋದೇ ಬಿಟ್ಟಿದೀವಿ,’ ಎಂದ ಟೈಲರ್. ಆಮೇಲೆ ದನಿ ಇಳಿಸಿ, ‘ಸಾರ್, ಅಲ್ಲಿ ಬೂಟು ಬಹಳ ಚೆನ್ನಾಗಿರುತ್ತಂತಲ್ಲ?’ ಎಂದು ಕೇಳಿದ. ಇರಬಹುದು ಎಂದೆ. ಕಂಪನಿಗೊಂದು ನಂಬರ್ ಇರುವುದರಿಂದ ನಂಬರನ್ನು ನಂಬಬಾರದು, ಅಳತೆಯನ್ನೇ ನಂಬಬೇಕು ಎಂಬುದು ಅವನ ವೃತ್ತಿಧರ್ಮ. ಪ್ಯಾಟರ್ನ್ ಕತ್ತರಿಸುವ ಕಂದು ಕಾಗದ ನೆಲಕ್ಕೆ ಹಾಸಿ, ಅದರ ಮೇಲೆ ತಾನು ನಿಂತು, ಸೀಮೆಸುಣ್ಣದಿಂದ ಪಾದದ ಸುತ್ತ ಗೆರೆ ಎಳೆದುಕೊಂಡು, ಕತ್ತರಿಸಿ ನನ್ನ ಕೈಗಿತ್ತ. ಹೆಂಡತಿಯ ಪಾದವನ್ನೂ ಕತ್ತರಿಸಿದ. ತಾಯಿಯ ಪಾದಕ್ಕೆ ಕೈ ಹಾಕಿದಾಗ ಅಜ್ಜಿ ಸರಕ್ಕನೆ ಕಾಲು ಮಡಿಚಿ ಸೀರೆಯೊಳಗೆ ಸೇರಿಸಿಕೊಂಡು ಮುಖ ತಿರುಗಿಸಿದರು. ‘ಅರ್ಥ ಆಗ್ಲಿಲ್ಲ ಪಾಪ,’ ಎಂದ.

ಮಾರನೆಯ ಸಂಜೆ ಕೆಳಗಿನ ಮನೆಯಲ್ಲಿರುವ ನಮ್ಮ ಮಾಲೀಕರು ಮಹಡಿ ಹತ್ತಿ ಬಂದರು. ಅವರು ನಿವೃತ್ತ ಓವರ್‌ಸಿಯರ್. ಬಾಡಿಗೆಯ ದಿನ ಬಿಟ್ಟರೆ ನನ್ನ ಬಾಗಿಲಿಗೆ ಬಂದವರೇ ಅಲ್ಲ. ನನ್ನನ್ನು ‘ಏನಯ್ಯಾ’ ಎನ್ನುತ್ತಿದ್ದವರು ಆವತ್ತು ‘ಸಾರ್’ ಎಂದರು. ಜೊತೆಯಲ್ಲಿ ಅವರ ತಂಗಿಯ ಮಗಳು, ಆಕೆಯ ಗಂಡ, ಮತ್ತು ಉದ್ದನೆಯ ಒಂದು ಅಳತೆ ಟೇಪು.

‘ಕೂತಿರಿ, ಕೂತಿರಿ ಸಾರ್, ನೀವೇನೂ ಏಳ್ಬೇಡಿ,’ ಎಂದು ಮಾಲೀಕರು ನನ್ನ ಮಂಚದ ಸುತ್ತ ಟೇಪು ಹಿಡಿದರು. ‘ಹತ್ತಡಿ ಮೂರಂಗುಲ. ಸ್ವಲ್ಪ ಕಾಲೆತ್ತಿ ಸಾರ್. ಹ್ಞಾಂ, ಎಂಟಡಿ.’

‘ಮಾವ, ಇವರು ಹೋದ್ಮೇಲೆ ಈ ಮೊಳೆ ಕೀಳಿಸ್ಬೇಕು,’ ಎಂದಳು ಆ ಹುಡುಗಿ, ಸತ್ತವರ ಮನೆಯಲ್ಲಿ ಮಾತಾಡುವಷ್ಟು ತಗ್ಗಿದ ದನಿಯಲ್ಲಿ. ‘ಗೋಡೆಗೆ ಬಣ್ಣಾನೂ ಹೊಡಿಸ್ಬೇಕು. ಪಾಪ, ಒಬ್ಬರೇ ಇದ್ರೇನೋ.’

ಪಾಪ, ಒಬ್ಬನೇ ಮಂಚದ ಮೇಲೆ ಕಾಲೆತ್ತಿಕೊಂಡು ಕೂತಿದ್ದೆ. ‘ಸಾರ್, ನಾನಿನ್ನೂ ಏನೂ ತೀರ್ಮಾನ ಮಾಡಿಲ್ಲ...’ ಎಂದೆ. ‘ನೀವು ಸಂಕೋಚದವರು, ಗೊತ್ತಿಲ್ವಾ ನಮಗೆ? ಒಂದನೇ ತಾರೀಕು ಅಂತ ಇಟ್ಕೊಳ್ಳೋಣ,’ ಎಂದು ಮಾಲೀಕರು ನನ್ನ ಪ್ರಯಾಣದ ದಿನವನ್ನೂ ಗೊತ್ತು ಮಾಡಿ, ಜೇಬಿನಿಂದ ಮಡಿಸಿದ ಕಾಗದ ತೆಗೆದರು. ‘ಇದು ನಮ್ಮನೆಯವಳ ಪಾದ. ಬಲಗಾಲು ಒಂಚೂರು ಊದಿದೆ. ಎಡಗಾಲಿನ ಅಳತೆಗೇ ತನ್ನಿ.’

ಮಾಲೀಕರ ಹೆಂಡತಿಯ ರವಿಕೆ ಹೊಲಿಯುವವನೂ ನಮ್ಮ ಮ್ಯಾನೇಜರರ ಪ್ಯಾಂಟು ಹೊಲಿಯುವವನೂ ಒಬ್ಬನೇ ಟೈಲರ್ ಆದ್ದರಿಂದ, ಸುದ್ದಿ ನನಗಿಂತ ಮೊದಲೇ ವೇಬ್ರಿಡ್ಜು ಮುಟ್ಟಿತ್ತು. ಡ್ರೈವರುಗಳು ನಾನು ಹೇಳುವ ಮೊದಲೇ ಇಳಿದು ಗೂಡಿಗೆ ಬರತೊಡಗಿದರು. ‘ಅಲ್ಲಿ ಲಾರಿ ಯಾವ ಕಡೆ ಓಡಿಸ್ತಾರೆ ಸಾರ್?’ ‘ಅಲ್ಲೂ ತೂಕದ ಕೆಲಸಾನೇನಾ?’ ತೂಕದ ಚೀಟಿ ಪಾದಕ್ಕೆ ಸಾಲದೆಂದು ಎರಡೆರಡು ಅಂಟಿಸಿ ಗೆರೆ ಎಳೆದುಕೊಟ್ಟರು. ಹಾರನ್ ಮಾಮ ಎಂಬ ಅಡ್ಡಹೆಸರಿನ ಮುದಿ ಡ್ರೈವರ್, ನನ್ನ ಎದುರಿಗೆ ಹದಿನೈದು ವರ್ಷ ತುಟಿ ಪಿಟಕ್ಕೆನ್ನದೆ ಚೀಟಿ ಕಿತ್ತುಕೊಂಡು ಹೋಗುತ್ತಿದ್ದವನು, ತನ್ನ ಕಾಲಿನ ಆಣಿಯ ಕಥೆಯನ್ನು ಅರ್ಧ ಗಂಟೆ ಹೇಳಿದ. ಹಿಂದೆ ಏಳು ಲಾರಿ ನಿಂತಿದ್ದವು, ಯಾರೂ ಹಾರನ್ ಹೊಡೆಯಲಿಲ್ಲ. ಅವನು ಹೋದ ಮೇಲೆ ನಾನು ಗೂಡಿನ ಕಿಟಕಿಯ ಗಾಜು ಒರೆಸಿದೆ. ಅಷ್ಟು ಖುಷಿಯಾಗಿತ್ತು.

ಮ್ಯಾನೇಜರು ತಮ್ಮ ಪಾದವನ್ನು ಕಚೇರಿಯ ಲೆಟರ್‌ಹೆಡ್ಡಿನ ಮೇಲೆ ಬರೆದು, ಕೆಳಗೆ ಸಹಿ ಮಾಡಿ, ಮೊಹರು ಒತ್ತಿ ಕೊಟ್ಟರು. ಜೊತೆಗೇ ನನ್ನ ಜಾಗಕ್ಕೆಂದು ತಮ್ಮ ಷಡ್ಡಕನನ್ನು ಕೆಲಸ ಕಲಿಯಲು ತಂದು ಕೂರಿಸಿದರು. ಅವರು ನಿವೃತ್ತ ಬಸ್ ಕಂಡಕ್ಟರ್. ಜೀವಮಾನವಿಡೀ ಅರವತ್ತು ಜನರ ನಡುವೆ ನಿಂತು ಮಾತಾಡಿದವರು. ನಾನು ಬೆವರುತ್ತಾ ಮ್ಯಾನೇಜರರ ಟೇಬಲ್ಲಿನ ಮುಂದೆ ನಿಂತೆ.

‘ಸಾರ್, ನಿಜ ಹೇಳ್ಬೇಕು ಅಂದ್ರೆ, ನಾನು ಹೋಗ್ತಾ ಇಲ್ಲ.’

‘ಎಲ್ಲರಿಗೂ ಹಾಗೇ ಅನ್ಸುತ್ತೆ ಕಣ್ರೀ,’ ಎಂದು ಅವರು ಎದ್ದು ಬಂದು ನನ್ನ ಭುಜ ತಟ್ಟಿದರು. ‘ನಮ್ಮ ತಂಗಿ ಗಂಡ ಹೋಗುವಾಗ ಏರ್‌ಪೋರ್ಟಲ್ಲಿ ಕಂಬ ತಬ್ಕೊಂಡುಬಿಟ್ಟಿದ್ರು. ಇಬ್ಬರು ಸೇರಿ ಬಿಡಿಸಬೇಕಾಯ್ತು. ಈಗ ವಾಪಸ್ ಬನ್ನಿ ಅಂದ್ರೂ ಬರಲ್ಲ. ಧೈರ್ಯ ತಗೊಳ್ಳಿ. ಒಂದನೇ ತಾರೀಕಿಂದ ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಹೊಡೆದು ಹಾಕಿದೀನಿ, ಚಿಂತೆ ಮಾಡ್ಬೇಡಿ.’

ಹೀಗೆ ನನ್ನ ಪರಿಸ್ಥಿತಿ ಎರಡು ಕಡೆಯಿಂದ ಬಿಗಿಯಾಯಿತು. ಹೋಗುವುದಿಲ್ಲ ಎಂದು ಸಾಧಿಸಿದರೆ ಟೀ, ಬಿಸ್ಕತ್ತು, ಹಾರನ್ ಮಾಮನ ಆಣಿ ಎಲ್ಲ ನಿಲ್ಲುತ್ತದೆ. ಸಾಧಿಸದಿದ್ದರೆ ಒಂದನೇ ತಾರೀಕಿಗೆ ರೂಮೂ ಇಲ್ಲ, ಕುರ್ಚಿಯೂ ಇಲ್ಲ. ಪಾಸ್‌ಪೋರ್ಟಂತೂ ಮೊದಲೇ ಇಲ್ಲ. ನಾನು ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡುತ್ತೇನೆ ಎಂದು ಏಳುತ್ತಿದ್ದೆ. ಸಂಜೆಯ ಹೊತ್ತಿಗೆ ಇನ್ನೂ ಮೂರು ಪಾದ ಸೇರಿರುತ್ತಿದ್ದವು.

ತಾರೀಕಿಗೆ ಐದು ದಿನ ಇದೆ ಅನ್ನುವಾಗ ಅಕ್ಕ ಬಂದಳು. ಬಾಗಿಲಲ್ಲೇ ಚೀಲ ಎಸೆದು, ‘ದೇಶ ಬಿಟ್ಟು ಹೋಗೋ ವಿಷಯ ನಿನ್ನ ಮನೆ ಮಾಲೀಕರ ಹೆಂಡತಿ ಬಾಯಿಂದ ಕೇಳ್ಬೇಕೇನೋ ನಾನು?’ ಎಂದು ಅಳತೊಡಗಿದಳು. ಪಾಠದ ಹೊತ್ತಾಗಿತ್ತು. ನಾನು ಸಮಾಧಾನ ಮಾಡುವಷ್ಟರಲ್ಲಿ ಮೇಜಿನ ಮೇಲಿನ ಫೋನು, ‘ಬುವೊನ ಸೇರಾ! ಕೋಮೆ ಸ್ತಾ?’ ಎಂದಿತು. ಅಕ್ಕನ ಅಳು ಅರ್ಧಕ್ಕೇ ನಿಂತಿತು.

‘ಯಾರೋ ಅದು?’

‘ಪಾಠ ಹೇಳೋಳು.’

‘ದಿನಾ ಮಾಡ್ತಾಳಾ?’

‘ಏಳು ಗಂಟೆಗೆ.’

‘ಹೇಗಿದೀಯಾ ಅಂತ ಕೇಳ್ತಾಳಾ?’

‘ಮೊದಲು ಅದನ್ನೇ ಕೇಳ್ತಾಳೆ.’

ಅಕ್ಕ ಮಂಚದ ಮೇಲೆ ಕುಸಿದು ಕೂತಳು. ‘ಅದಕ್ಕೇ ಹೊರಟಿದೀಯಾ. ಮೊದಲ ಗಂಡ ಇದಾನಂತಾ ಅವಳಿಗೆ? ಮಕ್ಕಳು ಎಷ್ಟು?’

ರೆಕಾರ್ಡ್ ಮಾಡಿದ ದನಿಗೆ ಮಕ್ಕಳಿರುವುದಿಲ್ಲ ಎಂದು ವಿವರಿಸಿದೆ. ‘ಮುಚ್ಚಿಡ್ಬೇಡ, ನಿನ್ನ ಸುಖಕ್ಕೆ ನಾನು ಅಡ್ಡ ಬರಲ್ಲ,’ ಎಂದು ಆಕೆ ಫೋನಿಗೆ ಬೆನ್ನು ತಿರುಗಿಸಿ, ‘ದನಿ ಮಾತ್ರ ಸಂಭಾವಿತಳ ಹಾಗಿದೆ,’ ಎಂದು ಗೊಣಗಿದಳು. ಆಮೇಲಿನ ನಾಲ್ಕು ದಿನ ಅಕ್ಕ ಅಡುಗೆ ಮಾಡಿದಳು, ಬೈದಳು, ಚಿಕ್ಕಂದಿನಲ್ಲಿ ನಾನು ಅಟ್ಟದಿಂದ ಬಿದ್ದದ್ದನ್ನು ಟೈಲರನ ಹೆಂಡತಿಗೆ ಹೇಳಿ ನಕ್ಕಳು. ರೂಮಿನಲ್ಲಿ ಎರಡು ತಟ್ಟೆ, ಎರಡು ಟವೆಲು. ನಾನು ಕೆಲಸದಿಂದ ಬರುವಾಗ ಕಿಟಕಿಯಲ್ಲಿ ದೀಪ ಹತ್ತಿರುತ್ತಿತ್ತು. ಇಷ್ಟೆಲ್ಲ ಇಟ್ಟುಕೊಂಡು ನಿಜ ಹೇಳಲು ನನಗೇನು ಹುಚ್ಚೇ?

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಕ್ಕ ಪೆಟ್ಟಿಗೆ ತುಂಬುತ್ತಿದ್ದಳು. ಸ್ವೆಟರುಗಳ ಮೇಲೆ ಪಾದಗಳ ಕಟ್ಟು ಇಟ್ಟಳು; ಭಾವನ ಪಾದವೂ ಸೇರಿ ಒಟ್ಟು ಐವತ್ತಮೂರು. ಅವಳು ಕಾಲರ್ ತಿದ್ದಿ ತಿದ್ದಿ ಮಡಿಸುವುದನ್ನು ನೋಡುತ್ತಾ ಕೂತಿದ್ದಾಗ ನನಗೊಂದು ಸಂಗತಿ ಹೊಳೆಯಿತು. ಒಂದು ತಿಂಗಳಿಂದ ಇಷ್ಟು ಜನ ಬಂದರು. ಯಾವಾಗ ಹೊರಡ್ತೀರಿ ಅಂದರು, ಏನು ತರ್ತೀರಿ ಅಂದರು, ಧೈರ್ಯ ತಗೊಳ್ಳಿ ಅಂದರು. ಹೋಗಬೇಡಿ ಎಂದು ಒಬ್ಬರೂ ಅನ್ನಲಿಲ್ಲ. ಅಕ್ಕನೂ ಅನ್ನಲಿಲ್ಲ. ನನಗೆ ಬಹಳ ಬೇಜಾರಾಯಿತು. ಕಣ್ಣಿಗೆ ಏನೋ ಬಿತ್ತು ಎಂದು ಹೇಳಿ ಎದ್ದು ಹೋಗಿ ಮುಖ ತೊಳೆದುಕೊಂಡೆ.

ಬೀಳ್ಕೊಡುಗೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ವೇಬ್ರಿಡ್ಜಿನಲ್ಲೇ. ಆವತ್ತು ಲಾರಿಗಳಿಗೆ ರಜ. ಕಬ್ಬಿಣದ ಹಲಗೆಯ ಮೇಲೆ ಬಾಡಿಗೆ ಕುರ್ಚಿ ಹಾಕಿ ಜನರನ್ನು ಕೂರಿಸಿದ್ದರು. ಯಂತ್ರ ಆರಿಸಲು ಯಾರಿಗೂ ಹೊಳೆದಿರಲಿಲ್ಲ. ಗೂಡಿನ ಕಿಟಕಿಯೊಳಗೆ ಕೆಂಪು ಅಂಕಿಗಳಲ್ಲಿ ನನ್ನ ಬೀಳ್ಕೊಡುಗೆಯ ತೂಕ ಕಾಣುತ್ತಿತ್ತು. ಎರಡು ಸಾವಿರದ ಒಂಬೈನೂರ ಎಪ್ಪತ್ತು ಕಿಲೋ. ಟೈಲರ್ ತನ್ನ ಮನೆಯವರನ್ನೆಲ್ಲ ಕರೆತಂದಿದ್ದ. ಕಾಜಾ ಅಜ್ಜಿಯನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದ. ನನ್ನ ಪೆಟ್ಟಿಗೆ ಎಲ್ಲರ ಮುಂದೆ, ನನ್ನ ಬದಲು ತಾನೇ ಹೊರಟಂತೆ ನಿಂತಿತ್ತು. ಬಾರದಿದ್ದವರು ಮ್ಯಾನೇಜರರ ಷಡ್ಡಕರು ಮಾತ್ರ. ಅವರು ಗೂಡಿನಲ್ಲಿ ನಾಲ್ಕು ದಿನ ಕೂತು, ಐದನೇ ದಿನ, ‘ಇಲ್ಲಿ ಮನುಷ್ಯ ಅನ್ನೋನು ಕೂರ್ತಾನೇನ್ರೀ? ಮಾತಿಲ್ಲ ಕಥೆಯಿಲ್ಲ, ಬರೀ ಮುಂದೆ, ಸಾಕು!’ ಎಂದು ಮ್ಯಾನೇಜರರ ಮುಖಕ್ಕೇ ಬೀಗದ ಕೈ ಎಸೆದು ಕಾಲು ಕಿತ್ತಿದ್ದರು.

ಮ್ಯಾನೇಜರು ನನ್ನನ್ನು ಸಂಸ್ಥೆಯ ಆಧಾರಸ್ತಂಭ ಎಂದರು. ಮಾಲೀಕರು ನನ್ನಂಥ ಬಾಡಿಗೆದಾರ ಇನ್ನೊಬ್ಬ ಹುಟ್ಟುವುದಿಲ್ಲ ಎಂದರು. ಹಾರನ್ ಮಾಮ ಅತ್ತ. ಕೊನೆಗೆ ಮ್ಯಾನೇಜರು, ‘ಈಗ ನಮ್ಮವರು ಅಲ್ಲಿನ ಭಾಷೇಲೇ ಎರಡು ಮಾತಾಡ್ತಾರೆ,’ ಎಂದು ಮೈಕು ನನ್ನ ಕೈಗಿತ್ತರು.

ಮೊದಲು ಗೊತ್ತಿದ್ದದ್ದನ್ನು ಹೇಳಿದೆ. ‘ಬುವೊನ್ ಜೋರ್ನೊ.’ ಚಪ್ಪಾಳೆ. ‘ಕ್ವೆಸ್ತಾ ಎ ಮಿಯಾ ಸೊರೆಲ್ಲಾ.’ ಇವಳು ನನ್ನ ಅಕ್ಕ ಎಂದೆ. ಅಕ್ಕ ತನ್ನ ಕಡೆ ಕೈ ತೋರಿಸಿದ್ದಕ್ಕೆ ನಾಚಿಕೊಂಡಳು. ಒಂದು ಲೋಟ ನೀರು ಕೊಡಿ ಎಂದೆ. ಜೋರು ಚಪ್ಪಾಳೆ, ನೀರು ಬರಲಿಲ್ಲ. ಆ ಎಲ್ಲ ಮುಖಗಳನ್ನು ನೋಡಿದೆ. ಇನ್ನು ಅರ್ಧ ಗಂಟೆಯಲ್ಲಿ ಇವರು ನನ್ನನ್ನು ಒಂದು ಬಸ್ಸಿಗೆ ಹತ್ತಿಸುತ್ತಾರೆ. ಆ ಬಸ್ಸು ಎಲ್ಲಿಗೆ ಹೋದರೂ ಅಲ್ಲಿ ನನ್ನ ಗುರುತಿನವರು ಯಾರೂ ಇರುವುದಿಲ್ಲ. ಕನ್ನಡದಲ್ಲಿ ಹೇಳಿದಾಗ ಯಾರೂ ನಂಬಿರಲಿಲ್ಲವಲ್ಲ. ‘ಇಯೊ ನೊನ್ ಪಾರ್ತೊ,’ ಎಂದೆ. ‘ರೆಸ್ತೊ ಕ್ವಿ. ಸೊನೊ ಸೋಲೊ.’ ನಾನು ಹೊರಡುತ್ತಿಲ್ಲ. ಇಲ್ಲೇ ಇರುತ್ತೇನೆ. ನಾನು ಒಂಟಿ.

ಚಪ್ಪಾಳೆ ಮುಗಿಲು ಮುಟ್ಟಿತು. ಮ್ಯಾನೇಜರು ಕಣ್ಣೊರೆಸಿಕೊಂಡು, ‘ಏನ್ ಸ್ಪಷ್ಟ ರೀ!’ ಎಂದರು. ಮಾಲೀಕರು, ‘ಇನ್ನೊಂದ್ಸಲ! ಇನ್ನೊಂದ್ಸಲ!’ ಎಂದು ಕೂಗಿದರು.

‘ಏನಂತ ಚಪ್ಪಾಳೆ ತಟ್ತಿದೀರ್ರೋ?’

ಹಿಂದಿನ ಸಾಲಿನಲ್ಲಿ ಕಾಜಾ ಅಜ್ಜಿ ಎದ್ದು ನಿಂತಿದ್ದರು. ‘ಅವನು ಹೋಗಲ್ಲ ಅಂತಿದಾನೆ. ಇಲ್ಲೇ ಇರ್ತೀನಿ ಅಂತಿದಾನೆ. ಒಬ್ಬನೇ ಆಗಿಹೋಗಿದೀನಿ ಅಂತಿದಾನೆ. ಅದಕ್ಕೆ ಚಪ್ಪಾಳೆನಾ?’

ಮೊದಲು ಬಾಯಿ ಬಂದದ್ದು ಟೈಲರನಿಗೆ. ‘ಅಮ್ಮಾ! ನಿಂಗೆ ಕಿವಿ ಕೇಳುತ್ತಾ?’

‘ನೀನು ಮಾತಾಡ್ಸಿದ್ರೆ ತಾನೇ ಕೇಳ್ಸೋದು?’

‘ಇಟಾಲಿಯನ್ ಬರುತ್ತಾ?’

‘ಗೋಡೆ ಅಷ್ಟು ತೆಳ್ಳಗಿದೆ. ಐದು ತಿಂಗಳಿಂದ ದಿನಾ ಸಂಜೆ ಕೂಗ್ತಾನೆ. ಬರದೇ ಏನು?’

ಟೈಲರನೂ ಅವನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕಿವುಡಿಯ ಎದುರಿಗೆ ಇಷ್ಟು ವರ್ಷ ಏನೇನು ಆಡಿಕೊಂಡಿದ್ದರೋ, ಅದೆಲ್ಲ ಅವರ ಮುಖದ ಮೇಲೆ ಸಾಲಾಗಿ ಹಾದುಹೋಯಿತು. ‘ಹಾಗಾದ್ರೆ ನಾನು ಅವತ್ತು ಅಂದಿದ್ದು...’ ಎಂದಳು ಹೆಂಡತಿ. ಗಂಡ ಅವಳ ಕೈ ಹಿಡಿದುಕೊಂಡು ಮನೆಯ ಕಡೆ ಬಿರುಸಾಗಿ ನಡೆದ.

ಮ್ಯಾನೇಜರು ನನ್ನ ಕೈಯಿಂದ ಮೈಕು ಕಸಿದುಕೊಂಡು, ‘ನಿಜವೇನ್ರೀ?’ ಎಂದರು. ‘ನಿಜ ಸಾರ್. ಪಾಸ್‌ಪೋರ್ಟೇ ಇಲ್ಲ.’ ಇದು ಮಾತ್ರ ಎಲ್ಲರಿಗೂ ನಂಬಿಕೆಯಾಯಿತು. ‘ಮತ್ತೆ ನನ್ನ ಪಾದ?’ ಎಂದರು ಮ್ಯಾನೇಜರು. ಪೆಟ್ಟಿಗೆ ತೆರೆದೆ. ಜನ ಸಾಲಾಗಿ ನಿಂತು ತಂತಮ್ಮ ಪಾದಗಳನ್ನು ವಾಪಸು ತೆಗೆದುಕೊಂಡರು; ಇಬ್ಬರು ಡ್ರೈವರುಗಳು ಒಂದೇ ಎಡಗಾಲಿಗಾಗಿ ಜಗಳವಾಡಿದರು. ಮೊಹರಿರುವ ತಮ್ಮ ಪಾದವನ್ನು ಮ್ಯಾನೇಜರು ನಾಲ್ಕಾಗಿ ಹರಿದು ಜೇಬಿಗಿಳಿಸಿ, ‘ನಾಳೆ ಎಂಟಕ್ಕೆ ಬಂದುಬಿಡಿ, ಆ ಗೂಡಲ್ಲಿ ಬೇರೆ ಯಾರೂ ನಿಲ್ಲಲ್ಲ,’ ಎಂದರು. ಮಾಲೀಕರು, ‘ನಮ್ಮ ಹುಡುಗಿ ಅಲ್ಮೇರಾನೂ ಆ ಬಾಗಿಲಲ್ಲಿ ಹಿಡಿಯಲ್ಲ. ಇರಯ್ಯಾ ನೀನೇ,’ ಎಂದರು. ಕಳೆದುಕೊಳ್ಳುತ್ತೇನೆಂದು ತಿಂಗಳಿಡೀ ಹೆದರಿದ್ದೆಲ್ಲ ಹತ್ತು ನಿಮಿಷದಲ್ಲಿ ಕೈಸೇರಿತು. ತಿಂಗಳಿಡೀ ಸಿಕ್ಕಿದ್ದೆಲ್ಲ ಗೇಟಿನ ಕಡೆ ನಡೆಯುತ್ತಿತ್ತು. ಹಾರನ್ ಮಾಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಕ್ಕ ನನ್ನ ತೋಳು ಹಿಡಿದುಕೊಂಡಳು. ‘ಹೋಗ್ದೇ ಇದ್ದದ್ದು ಒಳ್ಳೇದೇ ಆಯ್ತು ಬಿಡು,’ ಎಂದಳು. ಆಮೇಲೆ ಗಡಿಯಾರ ನೋಡಿದಳು. ‘ಹಾಗಾದ್ರೆ ಒಂದೂವರೆ ಬಸ್ಸಿಗೆ ಹೊರಡ್ಲಾ? ನಿಮ್ಮ ಭಾವಂಗೆ ಊಟದ್ದು ತೊಂದರೆ ಆಗಿರುತ್ತೆ. ಭಾನುವಾರ ಫೋನ್ ಮಾಡ್ತೀನಿ.’ ಇವತ್ತೇ ಭಾನುವಾರ ಎಂದು ನಾನು ಹೇಳಲಿಲ್ಲ. ಬಸ್ ಸ್ಟಾಪಿನವರೆಗೆ ಹೋಗಿ ಹತ್ತಿಸಿ, ಬಸ್ಸು ತಿರುವು ದಾಟುವವರೆಗೆ ನಿಂತು, ಪೆಟ್ಟಿಗೆ ತರಲೆಂದು ಮತ್ತೆ ವೇಬ್ರಿಡ್ಜಿಗೆ ಬಂದೆ.

ಕುರ್ಚಿಗಳೆಲ್ಲ ಹೋಗಿಯಾಗಿತ್ತು. ಪೆಟ್ಟಿಗೆಯನ್ನು ಯಾರೋ ಗೂಡಿನೊಳಗೆ ತಂದಿಟ್ಟಿದ್ದರು. ಯಂತ್ರ ಆರಿಸೋಣವೆಂದು ಕೈ ಚಾಚಿದರೆ, ಸೊನ್ನೆ ಇರಬೇಕಾದ ಕಡೆ ನಲವತ್ತು ಕಿಲೋ ತೋರಿಸುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಯಂತ್ರ ಸುಳ್ಳು ಹೇಳಿದ್ದಿಲ್ಲ. ಗಾಜಿಗೆ ಮುಖವಿಟ್ಟು ಹೊರಗೆ ನೋಡಿದೆ. ಹಲಗೆಯ ಆ ತುದಿಯಲ್ಲಿ ಉಳಿದಿದ್ದ ಒಂದೇ ಕುರ್ಚಿಯ ಮೇಲೆ ಕಾಜಾ ಅಜ್ಜಿ ಸೆರಗು ತಲೆಗೆ ಹೊದ್ದು ಕೂತಿದ್ದರು.

ಹೋಗಿ ಪಕ್ಕದಲ್ಲಿ ನಿಂತೆ. ‘ಮನೆಗೆ ಹೋಗಲ್ವಾ ಅಜ್ಜೀ?’

‘ಹೋಗೋಣ. ಅವರು ಒಂದಿಷ್ಟು ಹೊತ್ತು ಬೆವರಲಿ,’ ಎಂದರು ಅಜ್ಜಿ. ‘ಕಿವುಡಿ ಅಂದ್ಕೊಂಡಿದ್ರು, ನಾನೂ ಇರಲಿ ಅಂತ ಸುಮ್ನಿದ್ದೆ. ಅಲ್ಲೊಂದು ಇಲ್ಲೊಂದು ಮಾತು ಕಿವಿಗೆ ಬೀಳೋದು, ನನ್ನ ಹೆಸರಿಗೆ ಒಂದೂ ಇರ್ತಿರಲಿಲ್ಲ. ಆಮೇಲೆ ಗೋಡೆಯೊಳಗಿಂದ ಆ ನಿನ್ನ ಹೆಂಗಸು ಬಂದ್ಳು. ಹೇಗಿದೀರಿ ಅಂದ್ಳು. ನೀನು ಹೇಳೋಕೆ ಮುಂಚೆ ನಾನೇ ಹೇಳಿಬಿಡ್ತಿದ್ದೆ, ಮೆಲ್ಲಗೆ.’

ಅಜ್ಜಿಯ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಡ್ಡವಾಗಿ ಸರಿದು ನಿಂತೆ.

‘ಒಂದು ತಿಂಗಳಿಂದ ನನಗೆ ಅನ್ನ ಸೇರಿಲ್ಲ ಕಣಪ್ಪಾ. ಎಲ್ಲರೂ ಕಾಲು ತಗೊಂಡು ನಿನ್ನ ಹಿಂದೆ ಬಿದ್ದಿದ್ರು. ಹೋಗ್ಬೇಡ ಅಂತ ಹೇಳೋಣ ಅಂದ್ರೆ ನಾನು ಕಿವುಡಿ. ಹೋಗ್ತಿದಾನೆ ಅಂತ ಕಿವುಡಿಗೆ ಗೊತ್ತಾಗಿದ್ದಾದ್ರೂ ಹೇಗೆ? ಅದಕ್ಕೇ ಬಾಯಿ ಹೊಲ್ಕೊಂಡು ಕೂತಿದ್ದೆ.’ ಅಜ್ಜಿ ನನ್ನ ಕೈ ಹಿಡಿದುಕೊಂಡು ಎದ್ದರು. ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಒರಟಾಗಿದ್ದವು. ‘ಹೋಗ್ಬೇಡ. ಈಗ ಹೇಳಿದೀನಿ ನೋಡು.’

ನಾನು ಕನ್ನಡಕ ತೆಗೆದು ಒರೆಸಿದೆ. ಒರೆಸಿದ ಮೇಲೂ ಏನೂ ಕಾಣಲಿಲ್ಲ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಅಜ್ಜಿಯ ಕೈ ಹಿಡಿದುಕೊಂಡು ಗೇಟು ದಾಟಿದೆ. ಅಜ್ಜಿಯ ನಡಿಗೆಗೆ ನಮ್ಮ ಬೀದಿ ಬಹಳ ಉದ್ದ. ದಾರಿಯಲ್ಲಿ ಎರಡು ಕಡೆ ಪೆಟ್ಟಿಗೆಯ ಮೇಲೆ ಕೂರಿಸಿದೆ.

‘ಇವತ್ತು ಯಾವ ಪಾಠ?’ ಎಂದು ಕೇಳಿದರು, ಎರಡನೆಯ ಸಲ ಕೂತಾಗ.

‘ಹತ್ತೊಂಬತ್ತನೇದು ಅಜ್ಜೀ. ಹೊಸ ಊರಿಗೆ ಹೋದೋರು ಇರೋಕೆ ರೂಮು ಕೇಳೋದು.’

ಅಜ್ಜಿ ತಲೆಯಾಡಿಸಿದರು. ‘ಅದು ಬೇಡ. ರೂಮು ಇದೆಯಲ್ಲ ನಿಂಗೆ. ಅದರ ಮುಂದಿನದು ಹಾಕು.’